ಹೆರ್ದೀಸ್ ಹಾಕಿದ ಸಹಿ

ನಾನು ನಮ್ಮ ರಾಜಧಾನಿ ರೇಕ್ಯಾವಿಕ್‌ನಲ್ಲಿ ನಾರ್ವೆಯ ರಾಯಭಾರ ಕಚೇರಿಯಲ್ಲಿದ್ದೇನೆ ಎಂದರೆ ಜನ ಕುರ್ಚಿ ಸರಿಸಿ ಕೂರಿಸುತ್ತಾರೆ. ಹಾಗಾಗಿ ಅಲ್ಲಿಗೇ ಮಾತು ನಿಲ್ಲಿಸುತ್ತೇನೆ. ಕಾರು ಓಡಿಸುವುದು, ಧ್ವಜ ಏರಿಸುವುದು, ಬೆಳಿಗ್ಗೆ ನಮ್ಮ ಪತ್ರಿಕೆ ಓದಿ ಮಧ್ಯಾಹ್ನ ನಮ್ಮ ರೇಡಿಯೊ ಕೇಳಿ, ನಾರ್ವೆಯವರಿಗೆ ಬೇಕಾದೀತು ಎನಿಸಿದ್ದನ್ನು ಅವರ ಭಾಷೆಯಲ್ಲಿ ಒಂದು ಹಾಳೆಗೆ ಇಳಿಸಿಕೊಡುವುದು. ಇದಿಷ್ಟು ನನ್ನ ಹುದ್ದೆ. ನಮ್ಮ ಕಚೇರಿಯ ಕಾರ್ಯದರ್ಶಿಯವರು ಷೂಗಳಿಗೆ ಮಾತ್ರ ತಾವೇ ಹೊಳಪು ಕೊಟ್ಟುಕೊಳ್ಳುತ್ತಾರೆ. ಅದು ನನ್ನ ಮೇಲಿನ ಕರುಣೆಯಲ್ಲ, ನನ್ನ ಕೈಗುಣದ ಮೇಲಿನ ಅಪನಂಬಿಕೆ.

1969ರ ಮೇ ತಿಂಗಳಲ್ಲಿ ನನ್ನನ್ನು ಪೂರ್ವ ಕರಾವಳಿಯ ಕ್ರಾಕುವೀಕಿಗೆ ಕಳಿಸಿದರು. ಹೆರಿಂಗ್ ಮೀನು ಹಿಂದಿನ ವರ್ಷ ನಮ್ಮ ಸಮುದ್ರ ಬಿಟ್ಟು ಹೋಗಿತ್ತು. ಅದರ ಬೆನ್ನು ಹಿಡಿದು ಬರುತ್ತಿದ್ದ ನಾರ್ವೆಯ ಹಡಗುಗಳೂ ನಿಂತಿದ್ದವು. ಹಡಗಿಲ್ಲದ ಬಂದರಿನಲ್ಲಿ ನಾರ್ವೆಯ ಪರವಾಗಿ ಕೆಲಸ ನೋಡಲು ಉಪಕಾನ್ಸಲ್ ಯಾಕೆ? ಆ ಪದವಿಯಲ್ಲಿದ್ದ ಸ್ಟೇನ್‌ದೋರ್ ವೃತ್ತಿಯಿಂದ ಬಲೆ ನೇಯುವವರು. ಮೂವತ್ತು ವರ್ಷ ಸಂಬಳವಿಲ್ಲದೆ, ಗಾಯಗೊಂಡ ನಾವಿಕರನ್ನು ಆಸ್ಪತ್ರೆಗೆ ಸೇರಿಸಿ, ಸತ್ತವರ ಮನೆಗೆ ತಂತಿ ಕೊಟ್ಟು, ಕಾಗದಪತ್ರಗಳಿಗೆ ಮೊಹರು ಒತ್ತಿದವರು. ಅವರಿಗೆ ಚೌಕಟ್ಟು ಹಾಕಿದ ಕೃತಜ್ಞತಾ ಪತ್ರವೊಂದನ್ನು ಕೊಟ್ಟು, ಬಾಗಿಲ ಮೇಲಿನ ಸಿಂಹದ ಫಲಕವನ್ನೂ ಮೊಹರನ್ನೂ ನಾನು ಹಿಂದಕ್ಕೆ ತರಬೇಕಿತ್ತು. ಕರಾವಳಿಯ ಹಡಗಿನಲ್ಲಿ ಎರಡು ದಿನ ವಾಂತಿ ಮಾಡಿಕೊಂಡು ಹೋದೆ. ಚೌಕಟ್ಟಿನ ಗಾಜಿಗೆ ಏನೂ ಆಗಲಿಲ್ಲ.

ಬಂದರಿನಲ್ಲಿ ಮೀನು ತೂಗುವ ಥೋರ್ಲಾಕುರ್ ಖಾಲಿ ತಕ್ಕಡಿಯ ಪಕ್ಕ ಕೂತು ನಶ್ಯ ಏರಿಸುತ್ತಿದ್ದ.

"ಉಪಕಾನ್ಸಲ್ ಸ್ಟೇನ್‌ದೋರ್ ಎಲ್ಲಿ ಸಿಗ್ತಾರೆ?" ಎಂದೆ.

"ಇಗರ್ಜಿ ಹತ್ರ ಇದಾನೆ. ನಿಧಾನಕ್ಕೆ ಹೋಗು, ಅವನೇನು ಎದ್ದು ಹೋಗಲ್ಲ."

ಹೊಸ ಕೋಟು ಕೊಡವಿಕೊಂಡು, ಚೌಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ದಾರಿಯುದ್ದಕ್ಕೂ ನಾರ್ವೆಯ ಪರವಾಗಿ ಹೇಳಬೇಕಾದ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡುತ್ತ ಗುಡ್ಡ ಹತ್ತಿದೆ. ಇಗರ್ಜಿಯ ಹಿಂದೆ ಕಲ್ಲೊಂದರ ಮೇಲೆ ಸ್ಟೇನ್‌ದೋರ್ ಹೆಸರಿತ್ತು. ಕೆಳಗೆ 11 ಏಪ್ರಿಲ್ 1967. ಹೋದ ತಿಂಗಳಷ್ಟೇ ಅವರ ಸಹಿಯಿದ್ದ ಪತ್ರವನ್ನು ನಾನೇ ಕಡತಕ್ಕೆ ಹಾಕಿದ್ದೆ. ಕೃತಜ್ಞತಾ ಪತ್ರವನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕು ಎಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೆ.

ಇಳಿದು ಬಂದಾಗ ಥೋರ್ಲಾಕುರ್ ಕೇಳಿದ: "ಮಾತಾಡಿದ್ಯಾ?"

"ಸತ್ತು ಎರಡು ವರ್ಷ ಆಯ್ತಲ್ಲ!"

"ಹೂಂ, ಅದೇ. ಕಾಗದದ ಕೆಲಸ ಇದ್ರೆ ಹೆರ್ದೀಸ್ ಹತ್ರ ಹೋಗು. ಅವನು ಬದುಕಿದ್ದಾಗ್ಲೂ ಅಲ್ಲಿಗೇ ಹೋಗ್ತಿದ್ವಿ."

ಹೆರ್ದೀಸ್ ಸ್ಟೇನ್‌ದೋರ್‌ರ ಹೆಂಡತಿ. ಎಪ್ಪತ್ತು ದಾಟಿದ ಗಿಡ್ಡ ಹೆಂಗಸು, ಮೊಣಕೈವರೆಗೆ ಮಡಚಿದ ಉಣ್ಣೆ ಅಂಗಿ. ಬಾಗಿಲು ತೆರೆದು ನನ್ನ ಮುಖ ನೋಡಿ ಮೊದಲು ಕೇಳಿದ್ದು ನಮ್ಮಲ್ಲಿ ಎಲ್ಲರೂ ಕೇಳುವುದನ್ನೇ: "ಯಾರ ಪೈಕಿ ನೀನು?"

ನನ್ನ ಹೆಸರು ಕೋಲ್ಬೇನ್ ಎಂದು ಹೇಳಿ, ತಂದೆ, ತಾತ, ತಾಯಿಯ ಕಡೆಯ ಹಳ್ಳಿ ಎಲ್ಲವನ್ನೂ ಒಪ್ಪಿಸಿದೆ.

"ನಿನ್ನ ಅಜ್ಜಿ ಒಳ್ಳೆ ಹೆಂಗಸು. ನಿನ್ನ ತಾತ ಹೆರಿಂಗ್‌ಗೆ ಉಪ್ಪು ಹಾಕೋದ್ರಲ್ಲಿ ಸೋಮಾರಿ. ಒಳಗೆ ಬಾ."

ಕಾಫಿ ಬಂತು. ಹಲ್ಲಿನ ನಡುವೆ ಸಕ್ಕರೆ ತುಂಡು ಇಟ್ಟುಕೊಂಡು ಆಕೆ ಕತೆ ಹೇಳಿದಳು. ಹುಡುಗಿಯಾಗಿದ್ದಾಗ ಎರಡು ಚಳಿಗಾಲ ಬೆರ್ಗೆನ್ನಿನಲ್ಲಿ ಮನೆಗೆಲಸಕ್ಕಿದ್ದಳು. ನಾರ್ವೆಯ ಭಾಷೆ ಅಲ್ಲಿ ಬಂದದ್ದು. ಸ್ಟೇನ್‌ದೋರ್‌ಗೆ ಪದವಿ ಅಜ್ಜನಿಂದ ಇಳಿದು ಬಂದಿತ್ತು, ಭಾಷೆ ಬಂದಿರಲಿಲ್ಲ. ಎಂಟು ಮೊಳದ ಹರಕನ್ನು ಕಣ್ಣು ಮುಚ್ಚಿ ಹೆಣೆಯುವ ಮನುಷ್ಯ ಕಾಗದ ಕಂಡರೆ ಬೆವರುತ್ತಿದ್ದನಂತೆ. 1938ರಲ್ಲಿ ನೇಮಕದ ಜೊತೆ ಒಂದು ಕಾರ್ಡು ಬಂತು. ಅದರ ಮೇಲೆ ಅವನು ನಮೂನೆಯ ಸಹಿ ಮಾಡಿ ಕಳಿಸಬೇಕಿತ್ತು. ಎರಡು ಸಲ ಮಸಿ ಚೆಲ್ಲಿ, ಪೆನ್ನನ್ನು ಅವಳ ಕಡೆ ನೂಕಿ, "ನೀನೇ ಹಾಕು ಮಾರಾಯ್ತಿ, ನಿನ್ನ ಕೈಗೇ ಒಪ್ಪುತ್ತೆ" ಎಂದನಂತೆ. ಅವತ್ತಿನಿಂದ ಸ್ಟೇನ್‌ದೋರ್‌ನ ಸಹಿ ಎಂದರೆ ಹೆರ್ದೀಸಳದ್ದು.

ಬಲೆಯ ಕೊಟ್ಟಿಗೆಯನ್ನೂ ತೋರಿಸಿದಳು. ಗೋಡೆಗೆ ಹಳೆಯ ಫಲಕಗಳು ಎರಡು ಒರಗಿದ್ದವು. ಒಂದು ಸ್ಟೇನ್‌ದೋರ್‌ನ ಅಜ್ಜನದು, ನಾರ್ವೆಗೂ ಸ್ವೀಡನ್ನಿಗೂ ಒಬ್ಬನೇ ದೊರೆ ಇದ್ದ ಕಾಲದ್ದು. ಇನ್ನೊಂದು 1905ರ ನಂತರದ್ದು, ನಾರ್ವೆಯ ಸಿಂಹ ಮಾತ್ರ. ಆಗ ಆ ಪದವಿಗೆ ನಮ್ಮ ಕಡೆಯ ಒಪ್ಪಿಗೆ ಕೋಪನ್‌ಹೇಗನ್ನಿನಿಂದ ಬರುತ್ತಿತ್ತು, ನಮ್ಮ ದೊರೆಯೂ ಅಲ್ಲೇ ಇದ್ದನಲ್ಲ. ಯುದ್ಧದಲ್ಲಿ ನಾರ್ವೆಯ ಸರ್ಕಾರವೇ ಲಂಡನ್ನಿಗೆ ಓಡಿದಾಗ ಲಕೋಟೆಗಳು ಅಲ್ಲಿಂದ ಬಂದವು. ನಾವು ಗಣರಾಜ್ಯವಾದಾಗ ರೇಕ್ಯಾವಿಕ್ ಹೊಸ ಒಪ್ಪಿಗೆ ಕಳಿಸಿತು.

"ಪ್ರತಿ ಸಲ ಬೇರೆ ವಿಳಾಸ, ಬೇರೆ ಅಂಚೆಚೀಟಿ," ಎಂದಳು ಹೆರ್ದೀಸ್. "ನಾವಿಕರ ಕಾಲು ಮಾತ್ರ ಅದೇ ಜಾಗದಲ್ಲಿ ಮುರೀತಿತ್ತು."

ಕೇಳಲೇಬೇಕಾದ್ದನ್ನು ಕೇಳಿದೆ. "ಅವರು ತೀರಿಕೊಂಡಿದ್ದನ್ನ ಯಾಕೆ ತಿಳಿಸ್ಲಿಲ್ಲ?"

ಆಕೆ ಬಟ್ಟಲು ಕೆಳಗಿಟ್ಟಳು. "ತಿಳಿಸ್ಲಿಲ್ವಾ? ರೇಡಿಯೊದಲ್ಲಿ ಓದಿದ್ರಲ್ಲೋ! ಸತ್ತ ಸುದ್ದಿ ಒಂದು ಸಲ, ಮಣ್ಣು ಮಾಡೋ ದಿನ ಒಂದು ಸಲ. ಇಡೀ ದೇಶ ಕೇಳಿದೆ."

ನಗಬೇಡಿ. ಮಧ್ಯಾಹ್ನ ಮರಣವಾರ್ತೆ ಓದುವಾಗ ನಮ್ಮ ಮನೆಗಳಲ್ಲಿ ಚಮಚದ ಸದ್ದೂ ಇರುವುದಿಲ್ಲ. ಒಬ್ಬನ ಸಾವು ರೇಡಿಯೊದಲ್ಲಿ ಬಂದ ಮೇಲೆ ಮತ್ತೆ ಮನೆಮನೆಗೆ ಹೇಳುವುದು ಅವರ ಕಿವಿಗೆ ಮಾಡಿದ ಅವಮಾನ. ಕ್ರಾಕುವೀಕಿನ ಪಾದ್ರಿ, ಅಂಚೆಯವನು, ಥೋರ್ಲಾಕುರ್ ಎಲ್ಲರೂ ನಂಬಿದ್ದರು: ರೇಡಿಯೊ ಹೇಳಿದೆ, ರಾಯಭಾರಿಗೆ ಗೊತ್ತು, ಹೆರ್ದೀಸ್ ಮುಂದುವರಿಸಲಿ ಎಂದು ಬಿಟ್ಟಿದ್ದಾರೆ.

"ಪತ್ರ ಬರೀಬಹುದಿತ್ತು," ಎಂದೆ.

"ಬರೀತಿದ್ದೆ, ತಿಂಗಳಿಗೆರಡು. ಎಲ್ಲಾ ಅವನ ಹೆಸರಲ್ಲೇ ಹೋಗ್ಬೇಕು. 'ಮಾನ್ಯರೇ, ನಾನು ಸತ್ತಿದ್ದೇನೆ' ಅಂತ ಬರೀಲಾ? ಮಣ್ಣು ಮಾಡಿದ ಮಾರನೇ ದಿನ ಒಂದು ಹಡಗು ಬಂತು, ಹುಡುಗನ ಕೈ ರಾಟೆಗೆ ಸಿಕ್ಕಿತ್ತು. ಅವನ ಅಮ್ಮನಿಗೆ ತಂತಿ ಕೊಡೋದೋ, ಕಪ್ಪು ಬಟ್ಟೆ ಹಾಕ್ಕೊಂಡು ಕೂರೋದೋ? ಅದಿರ್ಲಿ, ಅಷ್ಟು ದೊಡ್ಡ ಕಚೇರೀಲಿ ರೇಡಿಯೊ ಕೇಳೋಕೆ ಒಬ್ಬನೂ ಇಲ್ವಾ?"

"ಒಬ್ಬ ಇದಾನೆ."

"ಯಾವ ಕುರಿ ಅವನು?"

"ನಾನೇ."

ಆಕೆ ನಗಲಿಲ್ಲ. ನಾನು ಆ ಸುದ್ದಿ ಕೇಳಿಯೂ ಇರಬೇಕು. "ಸ್ಟೇನ್‌ದೋರ್, ಬಲೆ ನೇಯುವವರು, ಕ್ರಾಕುವೀಕ್" ಎಂದು ಓದಿದ್ದರಂತೆ. ಊರವರ ಮುಂದೆ ಉಪಕಾನ್ಸಲ್ ಎಂದು ಹಾಕಿಸಿದ್ದರೆ ಅವನು ಗೋರಿಯಲ್ಲೇ ನಾಚುತ್ತಿದ್ದ, ಅದಕ್ಕೆ ಹಾಕಿಸಲಿಲ್ಲ ಎಂದಳು. ಬಲೆ ನೇಯುವವನೊಬ್ಬ ಸತ್ತದ್ದು ನಾರ್ವೆಗೆ ಯಾಕೆ ಬೇಕು ಎಂದುಕೊಂಡು ನಾನು ಒಣಮೀನಿಗೆ ಬೆಣ್ಣೆ ಸವರುತ್ತಿದ್ದಿರಬೇಕು.

ಇಲ್ಲಿಯವರೆಗೆ ಇದು ನಗುವ ವಿಷಯವೇ ಆಗಿತ್ತು. ಅಷ್ಟರಲ್ಲಿ ಊನಾ ಬಂದಳು.

ಊನಾಳಿಗೆ ಇಪ್ಪತ್ತೆರಡು ವರ್ಷ. ಹೆರಿಂಗ್‌ಗೆ ಉಪ್ಪು ಹಾಕುವ ಕಟ್ಟೆಯಲ್ಲಿ ಕೆಲಸಕ್ಕಿದ್ದವಳು, ಈಗ ಕೆಲಸವಿಲ್ಲ. ಸೊಂಟದ ಮೇಲೆ ಕೆತಿಲ್ ಎಂಬ ಮಗು, ಕೈಯಲ್ಲಿ ಲಕೋಟೆ. ರಾಯಭಾರ ಕಚೇರಿಯವನು ಬಂದಿದ್ದಾನೆ ಎಂದು ಥೋರ್ಲಾಕುರ್ ಹೇಳಿ ಕಳಿಸಿದ್ದ. ಮಗುವಿನ ತಂದೆ ಆರ್ನ್‌ಫಿನ್, ನಾರ್ವೆಯ ಹಡಗಿನ ನಾವಿಕ. 1968ರ ಸೆಪ್ಟೆಂಬರಿನಲ್ಲಿ ಇದೇ ಅಡುಗೆಮನೆಯ ಮೇಜಿನ ಮೇಲೆ, ಈ ಮಗು ನನ್ನದು ಎಂದು ಬರೆದುಕೊಟ್ಟು ಸಹಿ ಮಾಡಿದ್ದ. ಕೆಳಗೆ ಉಪಕಾನ್ಸಲರ ಸಹಿ, ಮೊಹರು. ವಸಂತದಲ್ಲಿ ಬಂದು ಇಬ್ಬರನ್ನೂ ಕರೆದೊಯ್ಯುವ ಮಾತಾಗಿತ್ತು. ಜನವರಿಯಲ್ಲಿ ಹಡಗು ಮುಳುಗಿತು. ಸಾಕ್ಷಿಗೆ ನಿಂತಿದ್ದ ಗೆಳೆಯನೂ ಅದರಲ್ಲೇ ಇದ್ದ.

"ಅವರ ಅಮ್ಮನಿಗೆ ಬರೆದೆ," ಎಂದಳು ಊನಾ. "ಬಂದರಿಗೊಬ್ಬಳು ಹೀಗೆ ಬರೆಯುತ್ತಾಳೆ, ಕಚೇರಿ ದೃಢೀಕರಿಸಿದ ಕಾಗದ ಇದ್ದರೆ ಕಳಿಸು ಅಂತ ಉತ್ತರ ಬಂತು. ಅವರದ್ದೂ ತಪ್ಪಲ್ಲ, ನನ್ನನ್ನ ನೋಡೇ ಇಲ್ಲ. ಇದನ್ನ ತಗೊಂಡ್ಹೋಗಿ ಮೊಹರು ಹಾಕಿಸ್ಕೊಡ್ತೀರಾ? ದುಡ್ಡು ಬೇಡ ನಂಗೆ. ಇವನಿಗೆ ಅಪ್ಪ ಇರ್ಲಿಲ್ಲ ಅಂತ ಆಗ್ಬಾರ್ದು. ಇದ್ದ, ಮುಳುಗಿದ ಅಂತ ಆಗ್ಬೇಕು."

ನಾನು ತಾರೀಖು ನೋಡಿದೆ. ಹೆರ್ದೀಸ್ ನನ್ನ ಮುಖ ನೋಡಿದಳು. ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಆಗಲೇ ಅರ್ಥವಾಗಿತ್ತು.

"ಏನಾಯ್ತೋ? ಬಾಯಿಬಿಟ್ಟು ಹೇಳು."

"ಕಾಗದಕ್ಕೆ ಸಹಿ ಹಾಕಿದ ದಿನ ಉಪಕಾನ್ಸಲ್ ಬದುಕಿರ್ಲಿಲ್ಲ."

"ಸಹಿ ಸರಿಯಾಗೇ ಇದೆಯಲ್ಲ!"

ಸಹಿ ಸರಿಯಾಗಿಯೇ ಇತ್ತು. ಕಚೇರಿಯ ನಮೂನೆಯ ಕಾರ್ಡಿನ ಪಕ್ಕದಲ್ಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗುತ್ತಿರಲಿಲ್ಲ. ಮನುಷ್ಯ ಮಾತ್ರ ಇರಲಿಲ್ಲ.

ಊನಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಅವರು ಸತ್ತ ದಿನ ಯಾವತ್ತು ಅಂತ ನೀವು ಹೇಳ್ದೇ ಇದ್ರೆ?"

"ನೋಡ್ತೀನಿ," ಎಂದೆ. ಸಂಬಳದ ಗುಮಾಸ್ತನೊಬ್ಬ 'ನೋಡ್ತೀನಿ' ಎಂದರೆ ಏನರ್ಥ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಅವಳು ನನಗೆ ಕೈಕುಲುಕಿದಳು.

ಹೊರಡುವಾಗ ಫಲಕ ಬಿಚ್ಚಲು ಹೋಗಿ ಬೆರಳು ತರಚಿಕೊಂಡೆ. ಹೆರ್ದೀಸ್ ನನ್ನನ್ನು ಏಣಿಯಿಂದ ಇಳಿಸಿ ತಾನೇ ಹತ್ತಿ ಬಿಚ್ಚಿಕೊಟ್ಟಳು. ಮೊಹರನ್ನು ಉಣ್ಣೆಯ ಕಾಲುಚೀಲದೊಳಗೆ ಹಾಕಿ ಕೈಗಿಟ್ಟು ಅಂದಳು: "ನನ್ನ ಮೇಲೆ ಏನು ಬೇಕಾದ್ರೂ ಹೇಳು. ಜೈಲಿಗೆ ಹಾಕ್ಲಿ. ಆ ಕಾಗದ ಒಂದು ಉಳಿಸು."

ರೇಕ್ಯಾವಿಕ್‌ಗೆ ಮರಳಿ, ಊನಾಳ ಕಾಗದವನ್ನು ಕ್ರಾಕುವೀಕಿನ ಕಾಗದಗಳ ಕಂತೆಯ ನಡುವೆ ಸೇರಿಸಿ, "ಉಪಕಾನ್ಸಲರು ಈಚೆಗೆ ತೀರಿಕೊಂಡರು" ಎಂದಷ್ಟೇ ಕಾರ್ಯದರ್ಶಿಯವರಿಗೆ ಹೇಳಿದೆ. 'ಈಚೆಗೆ' ಎಂಬ ಮಾತಿಗೆ ಎರಡು ವರ್ಷ ಹೊರುವ ಶಕ್ತಿ ಇದ್ದೀತು ಎಂದು ಹಡಗಿನಲ್ಲಿ ಲೆಕ್ಕ ಹಾಕಿದ್ದೆ. ಕಾರ್ಯದರ್ಶಿಯವರು ಒಳ್ಳೆಯವರು, ಮುಳುವಾದದ್ದೇ ಅದು. ಎದ್ದು ನಿಂತು ತಲೆ ಬಾಗಿಸಿದರು. ಆಮೇಲೆ ವಿಧವೆಗೆ ಸಂತಾಪದ ಪತ್ರ ಬರೆಯಲು ಕೂತು, ಪೆನ್ನು ಎತ್ತಿ ಕೇಳಿದರು: "ಯಾವತ್ತು ಹೋದರು?"

ಎರಡು ಭಾಷೆ ಬರುತ್ತದೆ ಎಂದು ನನಗೆ ಕೆಲಸ ಕೊಟ್ಟಿದ್ದು. ಒಂದರಲ್ಲೂ ಸುಳ್ಳು ಹೊರಡಲಿಲ್ಲ. "11 ಏಪ್ರಿಲ್" ಎಂದೆ. "ಈ ವರ್ಷವೇ?" ಎಂದರು. ಹೌದು ಎಂದಿದ್ದರೆ ಸಾಕಿತ್ತು. ಕೆತಿಲ್‌ನ ಕಾಗದ ಉಳಿಯುತ್ತಿತ್ತು. ನಾನು ಕಿಟಕಿಯಾಚೆ ಧ್ವಜದ ಹಗ್ಗ ನೋಡುತ್ತ ನಿಂತೆ. ಅವರು ಪೆನ್ನು ಕೆಳಗಿಟ್ಟರು.

ಕಂತೆ ಬಿಚ್ಚಿದರು. ಆ ತಾರೀಖಿನ ಈಚೆಗಿನ ಹದಿನೇಳು ಕಾಗದಗಳಲ್ಲಿ ಹದಿನಾರನ್ನು ಮತ್ತೆ ಮಾಡಿಸಬಹುದಿತ್ತು, ಬರೆದವರು ಬದುಕಿದ್ದರು. ಹದಿನೇಳನೆಯದರ ಮೂಲೆಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆದರು: ಆ ದಿನ ಕ್ರಾಕುವೀಕಿನಲ್ಲಿ ಉಪಕಾನ್ಸಲ್ ಇರಲಿಲ್ಲ. ಬರೆದು ಹಣೆ ಉಜ್ಜಿಕೊಂಡರು.

ಮೂರು ವಾರಕ್ಕೆ ಹೆರ್ದೀಸಳ ಪತ್ರ ಬಂತು. ಮೊದಲ ಸಲ ತನ್ನ ಹೆಸರಿನಲ್ಲಿ ಬರೆದಿದ್ದಳು, ಸಹಿಯ ಅಕ್ಷರಗಳು ಮಗುವಿನದರಂತೆ ಅಡ್ಡಾದಿಡ್ಡಿಯಾಗಿದ್ದವು. ಮೂವತ್ತೊಂದು ವರ್ಷ ಸ್ಟೇನ್‌ದೋರ್ ಎಂದು ಬರೆದ ಕೈಗೆ ಹೆರ್ದೀಸ್ ಎಂದು ಬರೆಯುವ ರೂಢಿ ಇರಲಿಲ್ಲ. ಆ ಹುಡುಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಹಿ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಮೊಹರು ಒತ್ತಿದ ಕೈ ನನ್ನದು, ಶಿಕ್ಷೆ ನನಗಿರಲಿ ಎಂದಿತ್ತು. ಅನುವಾದ ಮಾಡಿಕೊಟ್ಟೆ. ಕಾರ್ಯದರ್ಶಿಯವರು ಓದಿದರು, ಮತ್ತೊಮ್ಮೆ ಓದಿದರು.

"ಇವರನ್ನು ಏನೆಂದು ದಾಖಲಿಸುವುದು? ಇವರಿಗೆ ಯಾವ ಪದವಿಯೂ ಇರಲಿಲ್ಲ. ಇಲ್ಲದವರಿಂದ ಯಾವುದನ್ನು ಕಿತ್ತುಕೊಳ್ಳಲಿ, ಯಾವುದನ್ನು ಒಪ್ಪಿಕೊಳ್ಳಲಿ?"

ಆರ್ನ್‌ಫಿನ್‌ನ ತಾಯಿಗೆ ಖಾಸಗಿಯಾಗಿ ಒಂದು ಸಾಲು ಬರೆಯಬಹುದೇ ಎಂದೆ. ತಾವು ಬರೆದರೆ ಅದು ಖಾಸಗಿಯಾಗಿ ಉಳಿಯುವುದಿಲ್ಲ ಎಂದರು. ನಿಜವೇ. ಹಾಗಾದರೆ ನಾನು ಬರೆಯಲೇ ಎಂದು ಕೇಳಲಿಲ್ಲ. ಅವತ್ತೇ ಬರೆದು ಅಂಚೆಗೆ ಹಾಕಿದೆ. ಚಾಲಕನೊಬ್ಬನ ಪತ್ರ ಅದು. ತೆರೆಯದೆ ಹಿಂದಕ್ಕೆ ಬಂತು.

ಆಮೇಲೆ ಕ್ರಾಕುವೀಕಿಗೆ ಫೋನು ಮಾಡಿದೆ. ಅಲ್ಲಿ ಒಂದೇ ತಂತಿ. ಒಬ್ಬರಿಗೆ ಬಂದರೆ ಊರೆಲ್ಲ ಎತ್ತಿಕೊಳ್ಳುತ್ತದೆ.

"ಓದಿದ್ರಾ?" ಎಂದಳು ಹೆರ್ದೀಸ್.

"ಎರಡು ಸಲ ಓದಿದ್ರು."

"ಎರಡು ಸಲ ಓದಿದ ಮೇಲೆ ಅರ್ಥ ಆಗಿರುತ್ತೆ."

"ಅರ್ಥ ಆಗಿದೆ. ಆದ್ರೆ ಆಗಲ್ಲ ಅಂದ್ರು."

ತಂತಿಯಲ್ಲಿ ಯಾರೋ ನಶ್ಯ ಏರಿಸಿ ಸೀನಿದರು. ಹಿಂದೆ ಮಗು ಏನನ್ನೋ ನೆಲಕ್ಕೆ ಬಡಿಯುತ್ತಿತ್ತು.

"ನೀನು ಥೋರ್ಲಾಕುರ್, ಫೋನಿಡು," ಎಂದಳು. ಆಮೇಲೆ ನನಗೆ: "ಊನಾ ಇಲ್ಲೇ ಕೂತಿದಾಳೆ ಕಣೋ. ಅವಳಿಗೆ ನೀನೇ ಹೇಳು. ನನ್ನ ಬಾಯಲ್ಲಿ ಬರ್ತಿಲ್ಲ."

ಫೋನು ಕೈ ಬದಲಾಯಿತು. "ಹಲೋ," ಎಂದಳು ಊನಾ. "ನೋಡಿದ್ರಾ?"