ಅಕ್ಕನ ಮನೆಗೆ ಬಿದ್ದ ಕ್ಷುದ್ರಗ್ರಹ

ಆ ವಾರ ಟಿವಿಯಲ್ಲಿ ಭೂಮಿಯ ಅಂತ್ಯ ನಡೆಯುತ್ತಿತ್ತು. ಒಂದು ಕ್ಷುದ್ರಗ್ರಹ ಕೆಲವು ವರ್ಷಗಳ ನಂತರ ಭೂಮಿಗೆ ಬಡಿದರೂ ಬಡಿಯಬಹುದು ಎಂದು ವಿಜ್ಞಾನಿಗಳು ಹೇಳಿದ್ದರು. ಆ ‘ಬಹುದು’ವನ್ನು ನುಂಗಿಬಿಟ್ಟ ನಿರೂಪಕ ಪರದೆಯ ತುಂಬ ಬೆಂಕಿಯುಂಡೆ ಉರುಳಿಸುತ್ತಿದ್ದ. ಸಂಡೂರು ಹಾದಿಯ ಹಳ್ಳಿಯಲ್ಲಿ ನನ್ನ ಅಕ್ಕನ ಮಾವನವರು ಊಟ ಬಿಟ್ಟು ಅದನ್ನೇ ನೋಡುತ್ತಿದ್ದರು. ಅಕ್ಕನ ಕೂಸನ್ನು ನೋಡಲು ನಾನು ಅಂದು ಹೊಸಪೇಟೆಯಿಂದ ಹೋಗಿದ್ದೆ.

ಮನೆಯ ಹಿಂದೆ ಕಲ್ಲಿನ ಕ್ವಾರಿ. ಮಧ್ಯಾಹ್ನ ಸೈರನ್ ಕೂಗಿತು. ಮದ್ದು ಸಿಡಿಸುವ ಮೊದಲು ದಿನಾ ಕೂಗುತ್ತದೆ. ಅದನ್ನು ಕೇಳಿ ಆ ಮನೆಯವರು ಮಾಡುವ ಒಂದೇ ಕೆಲಸ ಅನ್ನಕ್ಕೆ ಇಡುವುದು. ನೆಲ ಅದುರಿತು. ಆಮೇಲೆ, ಉಸಿರೆಳೆದು ಬಿಡುವಷ್ಟು ಹೊತ್ತಿಗೆ, ಮೇಲೆ ತಗಡು ಹರಿದ ಸದ್ದು. ತೆಂಗಿನಕಾಯಿ ಗಾತ್ರದ ಕಲ್ಲೊಂದು ತೊಟ್ಟಿಲ ಪಕ್ಕದ ನೆಲದ ಪರ್ಸಿಕಲ್ಲನ್ನು ಒಡೆದು ಬಿದ್ದಿತ್ತು. ತೊಟ್ಟಿಲು ತಾನೇ ತೂಗುತ್ತಿತ್ತು. ಕೂಸು ಅಳಲಿಲ್ಲ, ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ಅಕ್ಕ ಅದನ್ನು ಎತ್ತಿಕೊಂಡು ತಲೆಯಿಂದ ಪಾದದವರೆಗೆ ಮುಟ್ಟಿ ಮುಟ್ಟಿ ನೋಡಿದಳು. ಆಗ ಅತ್ತಿತು.

ಕೂಸಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಕಲ್ಲನ್ನು ಹೊರಳಿಸಿ ನೋಡಿದೆ. ಒಂದು ಮಗ್ಗುಲಲ್ಲಿ ಮದ್ದು ತುಂಬಲು ಡ್ರಿಲ್ ಕೊರೆದ ತೂತಿನ ಅರ್ಧಭಾಗ ಹಾಗೇ ಉಳಿದಿತ್ತು, ಬೆರಳಿಟ್ಟರೆ ನುಣ್ಣಗೆ. ಆಕಾಶದಲ್ಲಿ ಯಾರೂ ಡ್ರಿಲ್ ಹಿಡಿದು ಕೂತಿಲ್ಲವೆಂದು ನಾನು ತಿಳಿದಿದ್ದೆ. ಮಾವನವರು ಒಮ್ಮೆ ಟಿವಿಯನ್ನು, ಒಮ್ಮೆ ತಗಡಿನ ತೂತನ್ನು ನೋಡಿ ಕೈ ಮುಗಿದರು. ಸಂಜೆಯೊಳಗೆ ಕಲ್ಲಿಗೆ ವಿಭೂತಿ ಬಂತು, ಹೂವು ಬಂತು. ಕುಂಕುಮ ತುಂಬಲು ಡ್ರಿಲ್ಲಿನ ಗುಣಿ ಹೇಳಿ ಮಾಡಿಸಿದಂತಿತ್ತು. ದೂರು ಕೊಡೋಣವೆಂದ ಅಕ್ಕನನ್ನು, ದೇವರ ಮೇಲೆ ದೂರೇ ಎಂದು ಮಾವನವರು ಗದರಿದರು. ಭಾವ ಎಂದಿನಂತೆ ತಂದೆಯ ಮಗ್ಗುಲಲ್ಲಿ ನಿಂತರು.

ಕ್ವಾರಿಯ ಮ್ಯಾನೇಜರ್ ಬಂದ. ಬೈಸಿಕೊಳ್ಳಲು ಸಿದ್ಧನಾಗಿ ಬಂದವನು ಹೂವು ಕಂಡವನೇ ಬೂಟು ಕಳಚಿ, ತಾನೇ ಕಾಯಿ ಒಡೆದ.

“ಇದು ಮ್ಯಾಲಿಂದನ ಬಂದೈತ್ರಿ ಯಜಮಾನ್ರ. ನಮ್ ಕಲ್ಲು ಇಷ್ಟ್ ದೂರ ಹಾರಂಗಿಲ್ರಿ.”

ಅಂಥ ಭಕ್ತಿಯನ್ನು ನಾನು ಹಂಪಿಯಲ್ಲೂ ಕಂಡಿಲ್ಲ.

ಮರುದಿನ ಅಕ್ಕ ಕೂಸನ್ನೆತ್ತಿಕೊಂಡು ನನ್ನ ಜೊತೆ ಹೊಸಪೇಟೆಯ ಚಿತ್ತವಾಡ್ಗಿಯ ತವರಿಗೆ ಬಂದಳು. ಕೆಲವು ದಿನ ಬಿಟ್ಟು ಮಾವನವರು ಕರೆಯಲು ಬಂದರು. ಟಿವಿಯಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದರು: ಆಕಾಶದ ಕಲ್ಲು ಒಂದೇ ಮನೆಗೆ ಎರಡು ಸಲ ಬೀಳುವುದು ಕೋಟಿಗೊಮ್ಮೆಯೂ ಇಲ್ಲವಂತೆ, ಆ ಕ್ಷುದ್ರಗ್ರಹವೂ ಈಗ ಭೂಮಿಗೆ ತಾಗದೆ ಹೋಗುತ್ತದಂತೆ.

“ಅದು ಹೋಗ್ಲಿ ಬಿಡ್ರಿ ಮಾವಾರ,” ಎಂದಳು ಅಕ್ಕ. “ಕ್ವಾರಿಯವ್ರು ದಿನಾ ಮದ್ದು ಹೊಡಿತಾರ. ಅದು ನಿಂತ ದಿನ ಬರ್ತೀನಿ.”

ಮಾವನವರು ಮೊಮ್ಮಗನಿಗಾಗಿ ಕೈಚಾಚಿದರು. ಅಕ್ಕ ಆ ಕೈಗೆ ಚಹಾದ ಲೋಟ ಕೊಟ್ಟಳು.