ಏಳನೇ ದಿನದ ಜಗಳ

ಸಪ್ತಾಪುರದ ನಮ್ಮ ಮನಿಯ ಮ್ಯಾಲಿನ ಖೋಲಿಯನ್ನು ಯೂನಿವರ್ಸಿಟಿಯಲ್ಲಿ ಓದುವ ಇಬ್ಬರು ಹುಡುಗಿಯರಿಗೆ ಬಾಡಿಗಿ ಕೊಟ್ಟಿದ್ದೆ. ಒಬ್ಬಾಕಿ ಹುಬ್ಬಳ್ಳಿಯ ಮುಸ್ಲಿಂ ಹುಡುಗಿ. ಇನ್ನೊಬ್ಬಾಕಿ ಮುಂಬೈ ಕಡೆಯ ಯಹೂದಿ, ಮರಾಠಿ ಬೆರೆಸಿ ಕನ್ನಡ ಮಾತಾಡುವಾಕಿ. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಕತ್ತಲಾಗುವತನಕ ಆಕಿ ಗ್ಯಾಸ್ ಹಚ್ಚುತ್ತಿರಲಿಲ್ಲ; ಅದು ಅವರ ಸಬ್ಬತ್, ಏಳನೇ ದಿನದ ವಿಶ್ರಾಂತಿ.

ದೇವರು ಆರು ದಿನದಾಗ ಜಗತ್ತು ಮಾಡಿದ ಅನ್ನೋದನ್ನು ಇಬ್ಬರೂ ಒಪ್ಪುತ್ತಿದ್ದರು. ಜಗಳೆಲ್ಲ ಏಳನೇ ದಿನದ್ದು.

"ನಮ್ಮ ಅಲ್ಲಾಗ ದಣಿವಿಲ್ಲ. ದಣಿದರ ಅವ ದೇವರು ಹೆಂಗಾಗ್ತಾನ?"

"ದಣಿದಿಲ್ಲಲೇ, ಬೇಕಂತ ನಿಂತಾನ. ಮಾಲಕನೇ ಕೆಲಸ ನಿಲ್ಲಿಸಿದರ ಆಳಿಗೂ ಒಂದು ದಿನ ಸೂಟಿ ಸಿಗತೈತಿ. ನಾವೂ ಅವನಂಗ ನಿಲ್ಲತೇವಿ."

"ಅವನಂಗ ಮಾಡಾಕ ನಾವ್ಯಾರು? ಅವ ಹೇಳಿದ್ದು ಕೇಳಬೇಕು. ಶುಕ್ರವಾರದ ಜುಮ್ಮಾ ನಮಾಜ ಮುಗೀತು, ಮತ್ತ ಕೆಲಸಕ್ಕ ನಡಿ."

ಇದನ್ನು ಕೇಳಿ ಬಾಜು ಮನಿಯಾಕಿ ಬಂದಳು. "ಅವ್ವಾರ, ಹೊಡೆದಾಟ ಆಗೋದರಾಗ ಒಬ್ಬಾಕಿನ್ನ ಖೋಲಿ ಬಿಡಿಸ್ರಿ."

ಪರೀಕ್ಷಿ ಹತ್ತಿರ ಬಂದಿತ್ತು. ಬಿಡಿಸಿದರೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಶುಕ್ರವಾರ ಸಂಜಿ ಮುಂದೆ ನಾನೇ ಮ್ಯಾಲೆ ಹೋಗಿ ನೋಡಿದೆ. ಮುಸ್ಲಿಂ ಹುಡುಗಿ, "ಹೊತ್ತು ಮುಳುಗಾಕತ್ತೈತಿ, ಲಗೂ ಮಾಡ" ಅಂತ ಬೈಯುತ್ತ ಗ್ಯಾಸಿನ ಮುಂದಿದ್ದ ಯಹೂದಿ ಹುಡುಗಿಗೆ ಬದನಿಕಾಯಿ ಹೆಚ್ಚಿಕೊಡುತ್ತಿದ್ದಳು. ವಾದ ಮಾತ್ರ ನಿಂತಿರಲಿಲ್ಲ.

ಯಾರದು ಖರೇ ನನಗೆ ತಿಳಿಯಲಿಲ್ಲ. ನನ್ನ ಲಿಂಗಪೂಜೆಗೂ ಸೂಟಿ ಇಲ್ಲ, ರೊಟ್ಟಿ ಬಡಿಯೋದಕ್ಕೂ ಇಲ್ಲ. ಕೆಳಗಿಳಿದು ಬಾಜು ಮನಿಯಾಕಿಗೆ ಹೇಳಿದೆ: "ಅವರು ದೇವರ ಸಲುವಾಗಿ ಜಗಳಾಡತಾರ. ನೀ ಹೋದ ವರ್ಷ ನಳದ ನೀರಿನ ಸಲುವಾಗಿ ನನ್ನ ಕೂಡ ಮಾತು ಬಿಟ್ಟಿದ್ದಿ. ನಿನ್ನನ್ನ ಓಣಿ ಬಿಡಿಸಿದೆನೇನು? ಇಬ್ಬರೂ ಇಲ್ಲೇ ಇರತಾರ."