ಅರಳೆ ತುಂಬಿದ ಗೊಂಬೆ

ಒಟೀಲಿಯಾ ಬರ್ರಗಾನ್ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಳ್ಳದೆ ಕೆಲಸ ಮಾಡಿದ್ದನ್ನು ಕಂಡವರಿಲ್ಲ. ಹಾಲಿವುಡ್ಡಿನ ಒಂದು ಸ್ಟುಡಿಯೋದ ಹೊಲಿಗೆ ಕೋಣೆಯಲ್ಲಿ, ಮೂಕಿಚಿತ್ರಗಳ ಕಾಲದಿಂದ ಬಗ್ಗಿ ಬಗ್ಗಿ ಅವಳ ಬೆನ್ನು ಗೂನಾಗಿತ್ತು. ಮೆಕ್ಸಿಕೋದ ಸೊನೋರಾದಿಂದ ಗಂಡನ ಜೊತೆ ಬಂದವಳು. ಗಂಡ ತೀರಿಕೊಂಡ, ಸೂಜಿ ಉಳಿಯಿತು. ಆ ವರ್ಷ ಲಾಸ್ ಏಂಜಲೀಸಿನಲ್ಲಿ ಕೆಲಸವಿಲ್ಲದವರ ಸಾಲು ಬೆಳೆದಂತೆಲ್ಲ ಮೆಕ್ಸಿಕೋದವರನ್ನು ಬೀದಿಯಲ್ಲೇ ಹಿಡಿದು ಗಡಿಯಾಚೆಗೆ ರೈಲು ಹತ್ತಿಸುತ್ತಿದ್ದರು. ಕೈಯಲ್ಲಿ ಕೆಲಸ ಇರುವ ತನಕ ತನ್ನನ್ನು ಯಾರೂ ಮುಟ್ಟುವುದಿಲ್ಲ ಎಂದು ನಂಬಿ ಅವಳು ಯಾರ ತಂಟೆಗೂ ಹೋಗದೆ ಇದ್ದಳು.

ಅವಳು ಹೊಲಿಯುತ್ತಿದ್ದದ್ದು ಡೆಲ್ಫೀನ್ ರೋ ಎಂಬ ನಟಿಗೆ. ಅಬ್ಬಾ, ಆ ಹೆಸರಿಗೆ ಏನು ಗದ್ದಲ! ಹುಲಿಚರ್ಮದ ಮೇಲೆ ಒರಗಿ ಬೆನ್ನು ಪೂರಾ ಬಿಟ್ಟುಕೊಂಡ ಪೋಸ್ಟರುಗಳು ಬೀದಿ ಬೀದಿಯಲ್ಲಿ. ಕೈರೋದ ಯಾವುದೋ ಜನಾನದಲ್ಲಿ ಹುಟ್ಟಿದವಳು, ಗಂಡಸರ ಮನೆ ಹಾಳುಮಾಡಿದವಳು ಎಂದು ಸ್ಟುಡಿಯೋದ ಪ್ರಚಾರದವರೇ ಕಥೆ ಕಟ್ಟಿ ಪತ್ರಿಕೆಗಳಿಗೆ ಕೊಟ್ಟಿದ್ದರು. ಭಾನುವಾರ ಪಾದ್ರಿಗಳು ಬೈಯುತ್ತಿದ್ದರು. ಬೈಸಿಕೊಂಡಷ್ಟೂ ಟಿಕೆಟ್ಟು ಖರ್ಚಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವಳು ನೆಬ್ರಾಸ್ಕಾದ ಕಟುಕನೊಬ್ಬನ ಮಗಳು, ಹೆಸರು ಹ್ಯಾಟಿ. ತುಂಡು ಹಾಸ್ಯಚಿತ್ರಗಳಲ್ಲಿ ಕೆಸರಿಗೆ ಬಿದ್ದೆದ್ದು ಮೇಲೆ ಬಂದವಳು. ಹಾಲು ಬಿಟ್ಟು ಬೇರೇನೂ ಕುಡಿಯದವಳು, ಗುಡುಗಿಗೆ ಹೆದರುವವಳು. ಒಟೀಲಿಯಾ ತರುವ ಮೆಕ್ಕೆಜೋಳದ ರೊಟ್ಟಿಯನ್ನು ಬಾಗಿಲು ಹಾಕಿಕೊಂಡು ತಿನ್ನುವಳು; ಮೆಕ್ಸಿಕೋದವರು ಹಿರಿಯ ಹೆಂಗಸನ್ನು ಕರೆಯುವಂತೆ ಅವಳನ್ನು ದೋನ್ಯಾ ಎಂದೇ ಕರೆಯುವಳು.

ಹೊಲಿಗೆ ಕೋಣೆಯಲ್ಲಿ ಒಬ್ಬೊಬ್ಬ ನಟಿಗೂ ಒಂದೊಂದು ಗೊಂಬೆ. ತಲೆಯಿಲ್ಲ, ಕೈಯಿಲ್ಲ, ಕ್ಯಾನ್ವಾಸಿನ ಮೈ, ಕತ್ತಿನ ಬಳಿ ಹೆಸರು. ನಟಿಯ ಮೈ ತುಂಬಿದರೆ ಗೊಂಬೆಯ ಪಕ್ಕ ಬಿಚ್ಚಿ ಅರಳೆ ತುಂಬಬೇಕು, ಇಳಿದರೆ ತೆಗೆಯಬೇಕು. ಉಡುಪು ಹೊಲಿಯುವುದು ಆ ಗೊಂಬೆಯ ಮೇಲೆ.

ಒಂದು ಬೆಳಿಗ್ಗೆ ಹ್ಯಾಟಿಯ ಸೊಂಟಕ್ಕೆ ಟೇಪು ಸುತ್ತಿದ ಒಟೀಲಿಯಾಳ ಕೈ ನಿಂತುಬಿಟ್ಟಿತು. ಹ್ಯಾಟಿ ಆ ಕೈ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡಿ ದೋನ್ಯಾ. ಈ ಪಿಕ್ಚರ್ ಒಂದು ಮುಗೀಲಿ, ಊರಿಗೆ ಹೋಗಿ ಹೆತ್ಕೋತೀನಿ. ಇವ್ರಿಗೆ ಗೊತ್ತಾದ್ರೆ ಆ ಡಾಕ್ಟ್ರ ಹತ್ರ ಎಳ್ಕೊಂಡ್ ಹೋಗ್ತಾರೆ."

ಆ ಡಾಕ್ಟರನ ವಿಷಯ ಸ್ಟುಡಿಯೋದಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯಾಗದ ನಟಿ ಬಸುರಿಯಾದರೆ ಅವನ ಹತ್ತಿರ ತೆಗೆಸುತ್ತಿದ್ದರು. ಪತ್ರಿಕೆಯಲ್ಲಿ ಅಪೆಂಡಿಕ್ಸ್ ಆಪರೇಷನ್ ಎಂದು ಬರುತ್ತಿತ್ತು. ಪರದೆಯ ಮೇಲೆ ಎಷ್ಟು ಬಿಚ್ಚಿದರೂ ಸರಿ, ನಡತೆ ಕೆಟ್ಟರೆ ಕರಾರು ರದ್ದಂತೆ. ಎಂಥ ಮಾನವಂತರು ನೋಡಿ!

"ನನ್ ಬಾಯಿಂದ ಆಚೆ ಬರಲ್ಲ ಮಗಳೇ," ಎಂದಳು ಒಟೀಲಿಯಾ.

ಹೇಳಿದ್ದೇನೋ ಹೇಳಿಬಿಟ್ಟಳು, ಅಂದಿನಿಂದ ನೆಮ್ಮದಿ ಹೋಯಿತು. ಗೊಂಬೆಯನ್ನು ಹಳೆಯ ಅಳತೆಯಲ್ಲೇ ಬಿಟ್ಟಳು. ಉಳಿದ ಹೊಲಿಗೆಯವರು ಅದರ ಮೇಲೆ ಹೊಲಿದ ಉಡುಪನ್ನು, ಹ್ಯಾಟಿಗೆ ತೊಡಿಸುವ ಮುಂಚೆ ತಾನೇ ಗುಟ್ಟಾಗಿ ಬಿಚ್ಚಿ ಸಡಿಲಿಸುವಳು, ನೆರಿಗೆ ಹಿಡಿದು ಹೊಟ್ಟೆ ಮರೆಸುವಳು. ಹೊರಗೆ ಬೂಟಿನ ಸದ್ದಾದರೆ ಸಾಕು, ಬಿಚ್ಚಿದ ಬಟ್ಟೆಯನ್ನು ಮಡಿಲಲ್ಲಿ ಮುಚ್ಚಿಕೊಳ್ಳುವಳು. ಉಡುಪು ವಿಭಾಗದ ಯಜಮಾನ ಕ್ರ್ಯಾಂಡಲ್ ಒಂದು ದಿನ ಬಂದು, ಡೆಲ್ಫೀನಳ ಬಟ್ಟೆಗೆ ಈ ಸಲ ಇಷ್ಟೊಂದು ನೆರಿಗೆ ಯಾಕೆ, ಜನ ದುಡ್ಡು ಕೊಟ್ಟು ಬರುವುದು ನೆರಿಗೆ ನೋಡಲಿಕ್ಕಾ ಎಂದು ಕೇಳಿದ. ಅಂದು ಅವಳಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ತನ್ನನ್ನು ರೈಲಿಗೆ ತುಂಬುತ್ತಿರುವ ಹಾಗೆ, ಹ್ಯಾಟಿ ಕಿರುಚುತ್ತಿರುವ ಹಾಗೆ.

ಕೊನೆಗೆ ಒಂದೇ ದೃಶ್ಯ ಬಾಕಿ ಉಳಿಯಿತು. ಅದಕ್ಕೆ ಬಿಳಿ ಸ್ಯಾಟಿನ್ ಗೌನು, ಅವಸರದ ಕೆಲಸ. ಒಟೀಲಿಯಾ ಹ್ಯಾಟಿಯ ಅಳತೆ ತೆಗೆದು ಬಂದು ಗೊಂಬೆಯ ಮುಂದೆ ಕೂತಳು. ಕೈ ತನ್ನ ಪಾಡಿಗೆ ದುಡಿಯುತ್ತಿತ್ತು. ಇನ್ನು ಕೆಲವೇ ದಿನ, ದೇವರೇ, ಇನ್ನು ಕೆಲವೇ ದಿನ ಎಂದು ಮನಸ್ಸು ಜಪಿಸುತ್ತಿತ್ತು. ಸಂಜೆ ಗಂಟೆ ಹೊಡೆದಾಗ ಎಲ್ಲರ ಜೊತೆ ಎದ್ದು ಟ್ರಾಮು ಹತ್ತಿದಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೊಂಬೆಯ ಮುಂದೆ ಕ್ರ್ಯಾಂಡಲ್ ನಿಂತಿದ್ದ. ಗೊಂಬೆಗೆ ಹೊಟ್ಟೆ ಬಂದಿತ್ತು. ಪಕ್ಕ ಬಿಚ್ಚಿ, ಅರಳೆ ತುಂಬಿ, ಅಚ್ಚುಕಟ್ಟಾಗಿ ಮುಚ್ಚಿದ ಆ ಹೊಲಿಗೆ ಯಾರದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಳತೆ ತೆಗೆದ ಮೇಲೆ ಇಷ್ಟು ವರ್ಷ ಏನು ಮಾಡುತ್ತಿತ್ತೋ ಅದನ್ನೇ ಅವಳ ಕೈ ಮಾಡಿ ಮುಗಿಸಿತ್ತು.

ಕ್ರ್ಯಾಂಡಲ್ ಬೈಯಲಿಲ್ಲ. ಗೊಂಬೆಯ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದ.

"ಒಳ್ಳೆ ಕೆಲಸಗಾತಿ ಕಣಮ್ಮ ನೀನು," ಎಂದು ಹೊರಟುಹೋದ.

ತಪ್ಪಾಯಿತು, ಅಳತೆ ತಪ್ಪಿದೆ ಎಂದು ಅವನ ಹಿಂದೆ ಕೂಗಬೇಕೆನ್ನುವಷ್ಟರಲ್ಲಿ ಅವನು ಮರೆಯಾಗಿದ್ದ. ಎದ್ದೆನೋ ಬಿದ್ದೆನೋ ಎಂದು ಹ್ಯಾಟಿಯ ಕೋಣೆಗೆ ಓಡಿದಳು. ಬಾಗಿಲಲ್ಲಿ ಆಗಲೇ ಕಾವಲುಗಾರ ನಿಂತಿದ್ದ. ಮೇಡಂಗೆ ಹುಷಾರಿಲ್ಲ, ಯಾರನ್ನೂ ಬಿಡುವ ಹಾಗಿಲ್ಲ ಎಂದ.

ವಾರದ ಕೊನೆಗೆ ಪತ್ರಿಕೆಯಲ್ಲಿ ಬಂತು, ಡೆಲ್ಫೀನ್ ರೋ ಅವರಿಗೆ ಅಪೆಂಡಿಕ್ಸ್ ಆಪರೇಷನ್. ಜೊತೆಗೆ ಅದೇ ಹುಲಿಚರ್ಮದ ಚಿತ್ರ. ಗೊಂಬೆಯನ್ನು ಹಳೆಯ ಅಳತೆಗೆ ತರಬೇಕೆಂದು ಕ್ರ್ಯಾಂಡಲ್ ಹೇಳಿ ಕಳಿಸಿದ. ಒಟೀಲಿಯಾ ಹೊಲಿಗೆ ಬಿಚ್ಚಿ, ಅರಳೆಯನ್ನು ಹಿಡಿ ಹಿಡಿಯಾಗಿ ಹೊರಗೆ ತೆಗೆದಳು. ಈ ಪಾಪಿ ಕೈ ಕಡಿದುಹೋಗಬಾರದೇ ಎಂದು ಅಳುತ್ತಲೇ ತೆಗೆದಳು.

ಹ್ಯಾಟಿ ಮರಳಿ ಬಂದಾಗ ಕಣ್ಣು ಗುಳಿಬಿದ್ದಿತ್ತು. ಹಳೆಯ ಅಳತೆಗೆ ಹೊಲಿದ ಬಿಳಿ ಗೌನು ಅವಳ ಮೈಗೆ ಸರಿಯಾಗಿ ಕೂತಿತು. ತನ್ನ ಕಾರಿನ ಡ್ರೈವರನೇ ಚಾಡಿ ಹೇಳಿರಬೇಕು, ಅವನನ್ನು ಕೆಲಸದಿಂದ ಬಿಡಿಸಿದೆ ಎಂದಳು. ಗೌನಿನ ಅಂಚು ಹಿಡಿದು ಮಂಡಿಯೂರಿ ಕೂತಿದ್ದ ಒಟೀಲಿಯಾಳ ತಲೆಯ ಮೇಲೆ ಕೈಯಿಟ್ಟಳು.

"ಈ ಊರಲ್ಲಿ ನಾನು ನಂಬೋದು ನಿಮ್ಮೊಬ್ರನ್ನೇ, ದೋನ್ಯಾ."

ಒಟೀಲಿಯಾಳ ತುಟಿಯ ನಡುವೆ ಗುಂಡುಸೂಜಿಗಳಿದ್ದವು. ತೆಗೆದು ಮಾತಾಡಬಹುದಿತ್ತು. ತೆಗೆಯಲಿಲ್ಲ. ಹೊರಗೆ ಬೂಟಿನ ಸದ್ದಾಯಿತು; ತಲೆ ತಗ್ಗಿಸಿ ಅಂಚು ಮಡಿಸತೊಡಗಿದಳು.